ತರ್ಜುಮೆಯಲ್ಲಿ ಬಿಟ್ಟ ಮಾತು

ದೈ ತಿಂಗಳು ೬, ಸೋಮವಾರ, ೧೩೫೧ ಫಸಲಿ (ಇಂಗ್ರೇಜಿ ೧೯೪೧). ಶಹಾಪುರ

ಇಂದು ಕಚೇರಿಯ ಮೆಟ್ಟಿಲುಗಳನ್ನು ಕೋಲಿನ ಆಸರೆಯಿಲ್ಲದೆ ಹತ್ತಿದೆ. ಮೇಲೆ ಹೋಗಿ ನಿಂತಾಗ ನನಗೇ ನಂಬಿಕೆಯಾಗಲಿಲ್ಲ. ವನದುರ್ಗದ ಹಳ್ಳದಲ್ಲಿ ಟಾಂಗಾ ಮಗುಚಿ ಸೊಂಟ ಕಲ್ಲಿಗೆ ಬಡಿದು ಮೂರು ತಿಂಗಳಾಗುತ್ತ ಬಂತು. ಮೊದಲ ತಿಂಗಳು ಮಗ್ಗುಲು ಬದಲಿಸಬೇಕಾದರೂ ಹೆಂಡತಿಯನ್ನು ಕೂಗಬೇಕಿತ್ತು. ಗುಲಬರ್ಗಾದಿಂದ ಬಂದ ಡಾಕ್ಟರು ಎಲುಬು ಮುರಿದಿಲ್ಲ, ಸುಮ್ಮನೆ ಮಲಗಿರು ಎಂದರು. ಯುದ್ಧದ ದೆಸೆಯಿಂದ ನೋವಿನ ಔಷಧ ಬರುತ್ತಿಲ್ಲ ಎಂದೂ ಹೇಳಿದರು. ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದು ಸುರಪುರದ ಮದೀನಾಬೀ ಮಾಡುವ ಪೋಸ್ತ. ಒಣಗಿದ ಖಸಖಸಿ ಕಾಯಿಯನ್ನು ಶುಂಠಿ, ಅಜವಾನ, ಬೆಲ್ಲದ ಜೊತೆ ಕುದಿಸಿ ಸೋಸಿದ ಕಹಿ ಕಷಾಯ. ಬೆಳಿಗ್ಗೆ ಒಂದು ಸಣ್ಣ ಬಟ್ಟಲು, ಸಂಜೆ ಒಂದು. ಕುಡಿದು ಸ್ವಲ್ಪ ಹೊತ್ತಿಗೆ ಸೊಂಟದೊಳಗಿನ ಮೊಳೆಯನ್ನು ಯಾರೋ ಮೆತ್ತಗೆ ಎಳೆದು ತೆಗೆದಂತಾಗುತ್ತದೆ.

ಕಚೇರಿಯಲ್ಲಿ ಹೊಸ ಕೆಲಸ ಕಾದಿತ್ತು. ಪೋಸ್ತವನ್ನು ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಬಂದ್ ಮಾಡಬೇಕೋ ಬೇಡವೋ ಎಂದು ವಿಚಾರಿಸಲು ಮೂವರ ಕಮಿಟಿ ಬಂದಿದೆ. ಅಫೀಮಿನ ಅಂಗಡಿಗೆ ಪರವಾನಗಿ ಉಂಟು, ಈ ಕಷಾಯಕ್ಕೆ ಯಾವ ಕಾಯಿದೆಯೂ ಇಲ್ಲ. ಮುಖ್ಯಸ್ಥರು ಹೈದರಾಬಾದಿನವರು, ಎಲ್ಲರೂ ಸದರ್ ಸಾಹೇಬರು ಎನ್ನುತ್ತಾರೆ. ಇನ್ನಿಬ್ಬರು ಇಲ್ಲಿಯವರೇ: ಪೂರ್ತಿ ಬಂದ್ ಆಗಲೇಬೇಕು ಎನ್ನುವ ವಕೀಲ ಹಂಪಣ್ಣನವರು, ಏನನ್ನೂ ಮುಟ್ಟಬೇಡಿ ಎನ್ನುವ ಒಬ್ಬ ದೇಸಾಯರು. ಸದರ್ ಸಾಹೇಬರಿಗೆ ಕನ್ನಡ ಬಾರದು. ಜನ ಕನ್ನಡದಲ್ಲಿ ಹೇಳುವುದನ್ನು ಉರ್ದುವಿನಲ್ಲಿ ಬರೆದುಕೊಡುವ ಮುನ್ಷಿ ನಾನು.

ತರ್ಜುಮೆಯಲ್ಲಿ ಮುನ್ಷಿಯ ಸ್ವಂತ ಮಾತಿಗೆ ಜಾಗವಿಲ್ಲ. ಅದಕ್ಕೇ ಈ ನೋಟುಬುಕ್ಕು ತಂದೆ. ನನ್ನ ಮಾತು ಇಲ್ಲಿರಲಿ.

ಸುದ್ದಿ ಕೇಳಿ ಹೆಂಡತಿ ಮರಿಲಿಂಗಮ್ಮ, "ಕುಡಿಯೋರೇ ಬರಿಯೋರಾದ್ರ ಹ್ಯಾಂಗ್ರಿ?" ಎಂದಳು. ಗುಣ ಕಂಡವನಿಗಿಂತ ಸರಿಯಾಗಿ ಇನ್ನಾರು ಬರೆದಾರು ಎಂದೆ. ಆಕೆ ಒಲೆಯ ಕಡೆ ತಿರುಗಿದಳು.

ದೈ ೧೧, ಶನಿವಾರ

ಮೊದಲ ಬೈಠಕ್ಕು ಚೆನ್ನಾಗಿ ಆಯಿತು. ಹೊಳೆ ದಾಟಿಸುವ ಭಾಗಣ್ಣ ಬಂದಿದ್ದ. ನನ್ನ ಅಪ್ಪನೂ ಕೃಷ್ಣೆಯಲ್ಲಿ ಹರಗೋಲು ಹಾಕಿದವನೇ ಆದ್ದರಿಂದ ಭಾಗಣ್ಣನ ಒಂದೊಂದು ಮಾತೂ ನನಗೆ ಮನೆಯ ಮಾತಿನಂತೆ ಕೇಳಿಸಿತು.

"ಇದು ನನ್ನ ಹುಟ್ಟು ಹಾಕೋ ಕೈರಿ," ಎಂದು ಬಲಗೈ ತೋರಿಸಿದ. "ಎರಡು ವರ್ಷದ ಹಿಂದ ಹೊಳಿ ತುಂಬಿ ಬಂದಾಗ ಹರಗೋಲು ಬಂಡಿಗಲ್ಲಿಗಿ ಬಡದು ರಟ್ಟಿ ಕಳಚಿತು. ಕೂಡಿಸಿದ್ರು ಖರೆ, ನೋವು ಹೋಗಲಿಲ್ಲ. ಮುಂಜಾನಿ ಒಂದು ಬಟ್ಟಲ ಪೋಸ್ತ ಬಿದ್ರ ಸಂಜಿತನ ಕೈ ಏಳ್ತದ. ಇಲ್ಲಾಂದ್ರ ತುತ್ತು ಬಾಯಿಗಿ ಮುಟ್ಟಂಗಿಲ್ಲ. ನೀವು ಬಂದ್ ಮಾಡ್ತೀರಂದ್ರ ಮಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಮೊದಲ ನನಗೊಂದು ಬ್ಯಾರೆ ಕೈ ಕೊಡ್ರಿ."

ವಕೀಲರು, "ಒಂದಿನಾ ಬಿಟ್ಟು ನೋಡೀಯೇನು?" ಎಂದು ಕೇಳಿದರು.

"ನೋಡೀನ್ರಿ."

"ಏನಾತು?"

ಭಾಗಣ್ಣ ನೆಲ ನೋಡಿದ. "ನಾಕ ಮಂದಿ ಮುಂದ ಹೇಳೋದಲ್ಲರಿ ಅದು."

ಬಾಗಿಲಲ್ಲಿ ನಿಂತವರು ನಕ್ಕರು. ಕೊನೆಯ ಮಾತು ಬರೆಯುವಂಥದ್ದಲ್ಲ ಎಂದು ಬಿಟ್ಟೆ. ಬೇರೆ ಕೈ ಕೊಡಿ ಎಂದದ್ದನ್ನು ಮಾತ್ರ ಉರ್ದುವಿನಲ್ಲಿ ಚಂದವಾಗಿ ಕೂಡಿಸಿದೆ. ಓದಿದಾಗ ಸದರ್ ಸಾಹೇಬರು ಕಣ್ಣು ಮುಚ್ಚಿ ತಲೆದೂಗಿದರು.

ದೈ ೧೬, ಗುರುವಾರ

ಚಳಿ ಬಿದ್ದಿದೆ. ಮಧ್ಯಾಹ್ನ ಅರ್ಧ ಬಟ್ಟಲು ಹೆಚ್ಚಿಗೆ. ಚಳಿ ಹೋಗುವತನಕ ಮಾತ್ರ.

ಮರಿಲಿಂಗಮ್ಮ ಮಾತು ಕಡಿಮೆ ಮಾಡಿದ್ದಾಳೆ. ಆಕೆ ಮಾತಾಡುತ್ತಲೇ ಇರುತ್ತಾಳಂತೆ, ನನಗೆ ಕೇಳುವುದಿಲ್ಲವಂತೆ.

ದೈ ೨೦, ಸೋಮವಾರ. ಸುರಪುರ

ನಸುಕಿನ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಪೋಸ್ತದ ಸೀಸೆ ಮನೆಯಲ್ಲೇ ಉಳಿಯಿತು. ಗುಡ್ಡದ ಮೇಲಿನ ಗಾಳಿ ಕೆಟ್ಟದ್ದು. ಹನ್ನೊಂದು ಗಂಟೆಗೆ ಮೂಗು ಸೋರತೊಡಗಿತು, ಆಕಳಿಕೆ ನಿಲ್ಲಲಿಲ್ಲ. ಅಂಥ ಚಳಿಯಲ್ಲಿ ಬೆನ್ನು ಮಾತ್ರ ಬೆವರುತ್ತಿತ್ತು. ವಿಚಿತ್ರ ನೆಗಡಿ.

ಸಾಯಬಮ್ಮ ಎಂಬ ಮುದುಕಿ ಬಂದಳು. ಹೊಳೆದಂಡೆಯವಳು, ನಮ್ಮ ಪೈಕಿ. ಸದರ್ ಸಾಹೇಬರ ಕಡೆ ನೋಡಲೇ ಇಲ್ಲ. ನನ್ನೆದುರು ಬಂದು ಕುಕ್ಕರಗಾಲಲ್ಲಿ ಕುಳಿತು ನನಗೇ ಹೇಳತೊಡಗಿದಳು. ಹೇಳಿದ್ದು ಇದು:

"ತಮ್ಮಾ, ನನ್ನ ಮಗ ಮೌನಪ್ಪಗ ಇಪ್ಪತ್ತೆರಡು ವಯಸ್ಸು. ಬಲಿ ಬೀಸಿದ್ನಂದ್ರ ದಂಡಿಮ್ಯಾಲಿನ ಮಂದಿ ನಿಂತು ನೋಡ್ತಿದ್ರು. ಹ್ವಾದ ವರ್ಷ ಮಣಕಾಲು ಉಬ್ಬಿತ್ತು, ಎಂಟು ದಿನಾ ಪೋಸ್ತ ಕುಡದಾ. ಮಣಕಾಲು ನೆಟ್ಟಗಾತು, ಪೋಸ್ತ ಬಿಡಲಿಲ್ಲ. ಈಗ ಬಲಿ ಮೂಲ್ಯಾಗ ಬಿದ್ದದ, ಇಲಿ ಕಡದಾವ. ಕುಡದ್ರ ಗ್ವಾಡಿ ನೋಡಕೋತ ಕುಂಡ್ರತಾನ. ಕುಡೀಲಿಲ್ಲಂದ್ರ ಮೂಗು ಸೋರತದ, ಆಕಳಸ್ತಾನ, ಬೆವರ್ತಾನ, ಮೈತುಂಬ ಇರುವಿ ಹರದಾಡಾಕತ್ತಾವ ಅಂತ ನೆಲದಮ್ಯಾಲ ಉಳ್ಳಾಡ್ತಾನ. ನಾ ಸತ್ರ ಅಳ್ತೀಯೇನೋ ಅಂತ ಕೇಳಿದೆ. ನಾಳಿ ಕೇಳವ್ವಾ ಅಂದ. ಇಷ್ಟು ಅವರಿಗಿ ಹೇಳಪಾ. ನಮ್ಮವ ಒಬ್ಬ ಅಲ್ಲಿ ಕುಂತಾನ, ನನ್ನ ಮಾತು ಮುಟ್ಟಸ್ತಾನ ಅಂತ ಮೂರು ಹರದಾರಿ ನಡಕೋತ ಬಂದೀನಿ."

ಇಷ್ಟನ್ನೆಲ್ಲ ಬರೆಯುವ ಅಗತ್ಯ ಕಾಣಲಿಲ್ಲ. ತಾಯಂದಿರು ಹೆಚ್ಚು ಹೇಳುತ್ತಾರೆ. "ಸಾಯಬಮ್ಮನ ಮಗನಿಗೆ ದುಡಿಮೆಯಲ್ಲಿ ಮನಸ್ಸಿಲ್ಲ. ಪೋಸ್ತವನ್ನೂ ಸೇವಿಸುತ್ತಾನೆ. ಹೆಂಗಸು ಬಡವಿ." ಉರ್ದುವಿನಲ್ಲಿ ಮೂರು ಸಾಲು ಆಯಿತು. ಸದರ್ ಸಾಹೇಬರು ಇಷ್ಟೇನಾ ಎಂಬಂತೆ ನನ್ನನ್ನು ನೋಡಿದರು. ಮುದುಕಿ ಬಹಳ ಹೊತ್ತು ಮಾತಾಡಿದ್ದಳಲ್ಲ. ಹೇಳಿದ್ದೇ ಹೇಳಿದಳು ಹುಜೂರ್ ಎಂದೆ. ಹೋಗುವಾಗ ಸಾಯಬಮ್ಮ ನನ್ನ ತಲೆಯ ಮೇಲೆ ಕೈಯಾಡಿಸಿ ಹೋದಳು.

ಬೈಠಕ್ಕು ಮುಗಿದ ಕೂಡಲೆ ಮದೀನಾಬೀಯ ಮನೆಗೆ ಹೋದೆ. ಆಕೆ ಇರಲಿಲ್ಲ, ಸೊಸೆ ಒಂದು ಬಟ್ಟಲು ಕೊಟ್ಟಳು. ಕುಡಿದ ಸ್ವಲ್ಪ ಹೊತ್ತಿಗೆ ಮೂಗು ನಿಂತಿತು, ಬೆವರು ಆರಿತು. ಪೋಸ್ತ ನೆಗಡಿಗೂ ಒಳ್ಳೆಯದೆಂದು ಇಂದು ತಿಳಿಯಿತು.

ದೈ ೨೪, ಶುಕ್ರವಾರ

ಕಚೇರಿಗೆ ವಾರದ ರಜೆ. ಮತ್ತೆ ಸುರಪುರಕ್ಕೆ ಹೋಗಿ ಮದೀನಾಬೀಯನ್ನು ಕಂಡೆ. ಅರವತ್ತು ದಾಟಿದವಳು, ಅಂಗಳದಲ್ಲಿ ಕುಳಿತು ಕಾಯಿ ಒಡೆಯುತ್ತಿದ್ದಳು. ಸೀಸೆ ಮುಂದಿಟ್ಟೆ. ಆಕೆ ಮುಟ್ಟಲಿಲ್ಲ.

"ಬರ್ರಿ ಮುನಶೀಸಾಬ, ಕೂಡ್ರಿ. ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾ ನಿಮಗ ಎಷ್ಟು ದಿನಕ್ಕ ಅಂತ ಕೊಟ್ಟಿದ್ದೆ?"

"ಮೂರು ವಾರಕ್ಕ."

"ಈಗೆಷ್ಟಾತು?"

ಲೆಕ್ಕ ಹಾಕಲಿಲ್ಲ. ನೋವು ಇನ್ನೂ ಇದೆಯಲ್ಲ ಎಂದೆ.

"ನೋವು ಅದನೋ, ಪೋಸ್ತ ಇಲ್ಲದ್ದೇ ನೋವೋ? ಗುರುತು ಹಚ್ಚೀರೇನು?" ಎಂದಳು. ಇನ್ನೊಂದು ಕಾಯಿ ಒಡೆದು ಮುಂದುವರಿಸಿದಳು, "ನಮ್ಮತ್ತಿ ನನಗ ಇದನ್ನ ಕಲಿಸಿದ್ದು ಹೆರಿಗಿ ಆದ ಹೆಂಗಸರಿಗಿ, ಕೈಕಾಲು ಮುರದವರಿಗಿ. ಅಷ್ಟು ದಿನಾ ಅಂದ್ರ ಅಷ್ಟೇ ದಿನಾ. ಈಗ ಮಂದಿ ಪ್ಯಾಟಿಯಾಗ ಕಾಯಿ ಕೊಂಡು ತಾವ ಕುದಿಸ್ಕೋತಾರ. ಆ ಸಾಯಬಮ್ಮನ ಮಗನೂ ಹಂಗ ಮಾಡ್ಯಾನ. ಹೆಸರು ಮಾತ್ರ ನಂದು."

ಕೊನೆಗೆ ಅರ್ಧ ಸೀಸೆ ಕೊಟ್ಟಳು, ಒಂದೇ ಹೊತ್ತು ಕುಡಿಯಬೇಕೆಂದು ಹೇಳಿ.

ಬಸ್ ನಿಲ್ಲುವ ಕಡೆಗೆ ಬರುವಾಗ ಸೊಂಟ ಒತ್ತಿ ಒತ್ತಿ ನೋಡಿಕೊಂಡೆ. ನೋವು ಎಲ್ಲಿ ಎಂದು ಸರಿಯಾಗಿ ಸಿಗಲಿಲ್ಲ. ಒಳಗೆ ಇರಬೇಕು. ಪೇಟೆಯಲ್ಲಿ ಒಂದು ಕಿರಾಣಿ ಅಂಗಡಿ ತೆರೆದಿತ್ತು, ಒಂದು ಚೀಲ ಕಾಯಿ ತೆಗೆದುಕೊಂಡೆ. ಮನೆಯಲ್ಲಿ ಕುದಿಸಿಕೊಂಡರೆ ಈ ಓಡಾಟ ತಪ್ಪುತ್ತದೆ, ಉಪದೇಶವೂ.

ಬಹಮನ್ ೪, ಸೋಮವಾರ

ಮಗಳು ಮಲ್ಲಿಕಮ್ಮ ಯಾದಗಿರಿಯಿಂದ ಕೂಸು ಕರಕೊಂಡು ಬಂದಿದ್ದಾಳೆ. ನನ್ನ ಮೊದಲ ಮೊಮ್ಮಗಳು, ಮೂರು ತಿಂಗಳು. ನಾನು ಹಾಸಿಗೆ ಹಿಡಿದಾಗ ಹುಟ್ಟಿದ್ದರಿಂದ ಈವರೆಗೆ ನೋಡಿರಲಿಲ್ಲ. ಹಣೆ ನನ್ನ ಅವ್ವನದು.

ಬೆಳಿಗ್ಗೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅಂಗಳದ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಿದ್ದೆ. ಕಣ್ಣು ಹತ್ತಿತು. ಚಳಿಗಾಲದ ಬಿಸಿಲಿಗೆ ಯಾರಿಗಾದರೂ ಹತ್ತುತ್ತದೆ. ಮರಿಲಿಂಗಮ್ಮನ ಕೂಗಿಗೆ ಎಚ್ಚರಾದೆ. ಕೂಸು ನನ್ನ ತೊಡೆಯ ಮೇಲಿರಲಿಲ್ಲ. ಮೊಣಕಾಲಿಂದ ಕಟ್ಟೆಯ ಅಂಚಿಗೆ ಜಾರಿತ್ತಂತೆ, ಕೆಳಗೆ ಬೀಸುವ ಕಲ್ಲು. ಆಕೆ ಓಡಿ ಬಂದು ಅರಿವೆಯ ತುದಿ ಹಿಡಿದು ಎಳೆದುಕೊಂಡಿದ್ದಳು. ಕೂಸಿಗೆ ಏನೂ ಆಗಲಿಲ್ಲ. ಅಳಲೂ ಇಲ್ಲ.

ತಾಯಿ ಮಗಳು ಇಬ್ಬರೂ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಉತ್ತರ ಕೊಡುತ್ತಿದ್ದೆ.

ಬಹಮನ್ ೫, ಮಂಗಳವಾರ

ಬೆಳಿಗ್ಗೆ ಕೂಸನ್ನು ಕೇಳಿದೆ. "ಹಾಲು ಕುಡೀಲಿಕತ್ತಾಳಪ್ಪಾ," ಎಂದಳು ಮಲ್ಲಿಕಮ್ಮ. ಮಧ್ಯಾಹ್ನ ಕೇಳಿದೆ. "ಮಲಗ್ಯಾಳಪ್ಪಾ." ಕೂಸು ಆಕೆಯ ಹೆಗಲ ಮೇಲಿತ್ತು. ಎರಡೂ ಕಣ್ಣು ತೆರೆದು ನನ್ನನ್ನೇ ನೋಡುತ್ತಿತ್ತು.

ಬಹಮನ್ ೮, ಶುಕ್ರವಾರ

ಕಷಾಯದ ಗಡಿಗೆ, ಕಾಯಿಯ ಚೀಲ ಎರಡನ್ನೂ ತಿಪ್ಪೆಗೆ ಸುರಿದು ಬಂದೆ. ಮುಂದಿನ ಬೈಠಕ್ಕು ತಿಂಗಳ ಕೊನೆಗೆ. ಅಲ್ಲಿಯವರೆಗೆ ಇಲ್ಲದೆಯೇ ಇರಬಲ್ಲೆ ಎಂದು ಮನೆಯವರಿಗೆ ತೋರಿಸಿದರೆ ಸಾಕು. ನನಗೇನು ಅದರ ಚಟವಿಲ್ಲ.

ಬಹಮನ್ ೧೦, ರವಿವಾರ

ನೆಗಡಿ. ಬೆವರು. ಹೊಟ್ಟೆ ನಿಲ್ಲುತ್ತಿಲ್ಲ. ಕಾಲು ಸುಮ್ಮನಿರುವುದಿಲ್ಲ. ಭಾಗಣ್ಣ ನಾಕ ಮಂದಿ ಮುಂದೆ ಹೇಳದೆ ಬಿಟ್ಟದ್ದು ಏನೆಂದು ತಿಳಿಯಿತು.

ಮೈತುಂಬ ಇರುವೆ.

ಇದು ನೆಗಡಿಯಲ್ಲ.

ಬಹಮನ್ ೧೪, ಗುರುವಾರ

ಬರೆಯುವಷ್ಟಕ್ಕೆ ಕೈ ಸ್ಥಿರವಾಗಿದೆ. ನಡುವಿನ ದಿನಗಳಲ್ಲಿ ಒಮ್ಮೆ ತಿಪ್ಪೆಗೆ ಹೋಗಿ ಕಾಯಿ ಹುಡುಕಿದೆನೆಂದು ನೆನಪು. ಮಳೆಯಿಲ್ಲದ್ದಕ್ಕೆ ಒಣಗಿಯೇ ಇದ್ದವು. ಮರಿಲಿಂಗಮ್ಮ ಬಂದು ಕೈ ಹಿಡಿದು ಎಬ್ಬಿಸಿದಳು. ಮರುದಿನ ತಾನೇ ಬಸ್ಸು ಹತ್ತಿ ಸುರಪುರಕ್ಕೆ ಹೋಗಿ ಮದೀನಾಬೀಯನ್ನು ಕರೆತಂದಳು. ಮದುವೆಯಾದಂದಿನಿಂದ ಆಕೆ ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು.

ಮದೀನಾಬೀ ನನ್ನ ಕಣ್ಣಿನ ರೆಪ್ಪೆ ಎತ್ತಿ ನೋಡಿದಳು. "ಒಮ್ಮಿಗೇ ಬಿಟ್ರ ಮನಷ್ಯಾ ಉಳೀತಾನೇನ್ರಿ? ನಿಮ್ಮಂಥೋರು ಉಳೀಬಹುದು. ಹೊಟ್ಯಾಗ ಅನ್ನ ಇಲ್ದೋರು ಉಳ್ಯಂಗಿಲ್ಲ," ಎಂದಳು. ತಾನೇ ಒಲೆ ಹೊತ್ತಿಸಿ ಕುದಿಸಿದಳು. ಎರಡು ಸೀಸೆ. ಒಂದರಲ್ಲಿ ಪೋಸ್ತ, ಇನ್ನೊಂದರಲ್ಲಿ ಕಾಯಿಯಿಲ್ಲದ ಬರೀ ಶುಂಠಿ ಅಜವಾನದ ಕಷಾಯ. ಮೊದಲನೆಯದು ದಿನಕ್ಕೆ ಹನ್ನೆರಡು ಚಮಚ, ಮೂರು ದಿನಕ್ಕೊಮ್ಮೆ ಒಂದೊಂದು ಚಮಚ ಇಳಿಸಬೇಕು. ಇಳಿಸಿದಷ್ಟನ್ನು ಎರಡನೆಯದರಿಂದ ತುಂಬಬೇಕು. ಸೀಸೆ ನನ್ನ ಕೈಗೆ ಸಿಗಬಾರದು.

ಮೊದಲ ಚಮಚಗಳು ಒಳಗೆ ಹೋದಾಗ ಅತ್ತುಬಿಟ್ಟೆ. ನೋವಿಗಲ್ಲ. ಇರುವೆಗಳು ಇಳಿದುಹೋದವು, ಅದಕ್ಕೆ. ಆಮೇಲೆ ನಿದ್ದೆ ಬಂತು. ಎದ್ದಾಗ ಸಂಜೆಯಾಗಿತ್ತು. ಮಗಳು ಹಿತ್ತಲಲ್ಲಿ ಕೂಸಿಗೆ ಎರೆಯುತ್ತಿದ್ದಳು, ನೀರಿನ ಸದ್ದು ಕೇಳುತ್ತಿತ್ತು. ಮಲಗಿದಲ್ಲೇ ಅದನ್ನು ಕೇಳಿಸಿಕೊಂಡೆ.

ಬಹಮನ್ ೨೩, ಶನಿವಾರ

ಒಂಬತ್ತು ಚಮಚ. ಹಟದಿಂದ ಸೀಸೆ ಕೇಳಿದ್ದು ಒಮ್ಮೆ ಮಾತ್ರ. ಮರಿಲಿಂಗಮ್ಮ ಎಲ್ಲಿ ಬಚ್ಚಿಟ್ಟಿದ್ದಾಳೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಹಗುರ.

ವಕೀಲ ಹಂಪಣ್ಣನವರು ನನ್ನನ್ನು ನೋಡಿಹೋಗಲು ಬಂದಿದ್ದರು. ಸೊಂಟದ ನೋವು ಎಂದುಕೊಂಡಿದ್ದಾರೆ, ನಾನೂ ಹಾಗೆಯೇ ಬಿಟ್ಟೆ. ಮಂಗಳವಾರ ಯಾದಗಿರಿಯಲ್ಲಿ ಕೊನೆಯ ಬೈಠಕ್ಕಂತೆ. ಸದರ್ ಸಾಹೇಬರು ಎಲ್ಲ ಹೇಳಿಕೆಗಳನ್ನು ಮತ್ತೆ ಓದಿ, ಪೋಸ್ತದಿಂದ ಜನರಿಗೆ ಉಪಕಾರವೇ ಕಾಣುತ್ತದೆ, ಹಾನಿಯ ಪುರಾವೆಯಿಲ್ಲ ಎಂದಿದ್ದಾರಂತೆ. ದೇಸಾಯರಿಗೆ ಸಂತೋಷ.

"ನಾ ಬಂದ್ ಅಂದ್ರ ಬಂದ್ ಅನ್ನಾಂವ, ಬರೋ ಒಂದನೇ ತಾರೀಖಿಗೇ," ಎಂದರು ವಕೀಲರು. "ಆದ್ರ ಯಾವ ಕಾಗದ ತೋರಿಸ್ಲಿ? ನಿಮ್ಮ ತರ್ಜುಮಿ ಓದಿದ್ರ ಈ ಸೀಮ್ಯಾಗ ಯಾರಿಗೂ ಏನೂ ಆಗೇ ಇಲ್ಲ ಅನಸ್ತದ ಬಸವಂತ್ರಾಯರ. ಆ ಮುದುಕಿ ಅಷ್ಟೊತ್ತು ಮಾತಾಡಿದ್ಲು. ನಾ ಆಗ ಹೊರಗ ಹೋಗಿದ್ದೆ. ಏನಂದ್ಲು ಆಕಿ?"

ನೆನಪಿಲ್ಲ ಎಂದೆ.

ಅವರು ಹೋದಮೇಲೆ ಈ ನೋಟುಬುಕ್ಕಿನ ದೈ ೨೦ರ ಹಾಳೆ ತೆಗೆದೆ. ಆಕೆಯ ಮಾತು ಒಂದೂ ಬಿಡದಂತೆ ನನ್ನ ಕೈಬರಹದಲ್ಲೇ ಇದೆ. ಕೆಳಗೆ ನನ್ನ ಮೂರು ಸಾಲು. ಎರಡನ್ನೂ ಮರಿಲಿಂಗಮ್ಮನಿಗೆ ಓದಿ ಹೇಳಿದೆ.

"ಇದನ್ನ ಅಲ್ಲಿ ಹೇಳಿದ್ರ ನೌಕರಿ ಹೋಗತದೇನ್ರಿ?"

"ಹೋಗಬಹುದು."

"ಹೋಗಿ ಹೇಳಿ ಬರ್ರಿ. ನೀವು ಹ್ವಾದ ವಾರ ಸತ್ತಿದ್ರೂ ನೌಕರಿ ಹೋಗ್ತಿತ್ತಲ್ಲ."

ಬಹಮನ್ ೨೬, ಮಂಗಳವಾರ. ಯಾದಗಿರಿ

ಸ್ಟೇಷನ್ನಿನ ಎದುರಿನ ಬೇವಿನ ಮರದ ಕೆಳಗೆ ಕುಳಿತು ಬರೆಯುತ್ತಿದ್ದೇನೆ. ಬಸ್ಸಿಗೆ ಇನ್ನೂ ಎರಡು ತಾಸು ಇದೆ. ಮರೆಯುವ ಮುಂಚೆ ಬರೆದಿಡಬೇಕು.

ಒಳಗೆ ಹೋದ ಕೂಡಲೆ, ಹುಜೂರ್, ನನ್ನ ತರ್ಜುಮೆಯಲ್ಲಿ ತಪ್ಪಿದೆ, ಸರಿಪಡಿಸಲು ಅಪ್ಪಣೆ ಬೇಕು ಎಂದೆ. ಸದರ್ ಸಾಹೇಬರು ತಲೆಯಾಡಿಸಿದರು. ಈ ನೋಟುಬುಕ್ಕನ್ನೇ ತೆರೆದು ಸಾಯಬಮ್ಮನ ಮಾತನ್ನು ಮೊದಲು ಕನ್ನಡದಲ್ಲಿ ಓದಿದೆ, ಆಮೇಲೆ ಉರ್ದುವಿನಲ್ಲಿ ಹೇಳುತ್ತ ಹೋದೆ. ನಾಳಿ ಕೇಳವ್ವಾ ಎಂಬಲ್ಲಿಗೆ ಬಂದಾಗ ನಿಂತು, ನೀರು ಕುಡಿದು, ಅದನ್ನೂ ಹೇಳಿದೆ. ಭಾಗಣ್ಣ ನೆಲ ನೋಡಿದ್ದನ್ನೂ ಹೇಳಿದೆ.

ಸದರ್ ಸಾಹೇಬರು ಅಂದಿನ ಕಾಗದ ತೆಗೆದು ನನ್ನ ಮೂರು ಸಾಲು ನೋಡಿದರು. "ಇದನ್ನು ಯಾಕೆ ಬಿಟ್ಟಿರಿ? ಯಾರಾದರೂ ಹೇಳಿಕೊಟ್ಟರೇ?" ಎಂದು ಕೇಳಿದರು. ದೇಸಾಯರು ಕುರ್ಚಿಯಲ್ಲಿ ನೆಟ್ಟಗಾದರು.

"ಯಾರೂ ಇಲ್ಲ ಹುಜೂರ್. ಆ ಹೆಂಗಸು ಹೇಳಿದ್ದೆಲ್ಲ ಆ ಹೊತ್ತಿನಲ್ಲಿ ನನ್ನ ಮೈಯಲ್ಲೇ ಆಗುತ್ತಿತ್ತು. ನಾನೂ ಪೋಸ್ತ ಕುಡಿಯುವವನು. ಆಕೆಯ ಮಾತು ಬರೆದರೆ ನನ್ನದನ್ನೂ ಒಪ್ಪಿಕೊಂಡಂತೆ ಆಗುತ್ತಿತ್ತು."

ಹೊರಗೆ ಗೂಡ್ಸ್ ಗಾಡಿ ಹೋಗುತ್ತಿತ್ತು, ಅದು ಪೂರ್ತಿ ಹೋಗುವವರೆಗೆ ನಾನು ನಿಂತೇ ಇದ್ದೆ. ಮೊದಲು ಮಾತಾಡಿದವರು ವಕೀಲರು. "ಆತಲ್ಲ. ಕಾಗದ ಓದೋರಿಗೇ ಹಿಂಗಾದ್ರ ಉಳದೋರ ಗತಿ ಏನು? ನಾಳಿನೇ ಬಂದ್ ಮಾಡೂನು."

"ಬ್ಯಾಡ್ರಿ," ಎಂದೆ. ಮುನ್ಷಿ ಬೈಠಕ್ಕಿನಲ್ಲಿ ಅಭಿಪ್ರಾಯ ಹೇಳುವ ರೂಢಿಯಿಲ್ಲ. "ನಾ ಒಮ್ಮಿಗೇ ಬಿಟ್ಟು ನೋಡೀನ್ರಿ. ನನಗ ಹಾಸಿಗಿ ಇತ್ತು, ಹಾಲಿತ್ತು, ನೋಡೋರಿದ್ರು. ಆದ್ರೂ ತಿಪ್ಪಿ ಕೆದರೀನಿ. ನಾಳಿ ಬಂದ್ ಅಂದ್ರ ಭಾಗಣ್ಣ ಹೊಳ್ಯಾಗ ಹುಟ್ಟು ಹಿಡಕೊಂಡಲ್ಲೇ ಬೀಳ್ತಾನ. ಆ ಮೌನಪ್ಪ ಅಫೀಮಿನ ಅಂಗಡಿಗಿ ಹೋಗ್ತಾನ."

"ಹಂಗಾದ್ರ ಇದ್ದಂಗ ಇರಲಿ," ಎಂದರು ದೇಸಾಯರು. "ನನ್ನ ಹತ್ತಿ ಹೊಲದಾಗ ಆಳು ಸಂಜಿತನ ನಿಂದ್ರೋದೇ ಅದರ ಮ್ಯಾಲ."

"ಅದೂ ಬ್ಯಾಡ್ರಿ. ನಿಂತಿದ್ದು ಕಾಣ್ತದ, ಮನಿಗಿ ಹೋಗಿ ಗ್ವಾಡಿ ನೋಡೋದು ನಿಮಗ ಕಾಣಂಗಿಲ್ಲ."

ಇಷ್ಟನ್ನೂ ನಾನೇ ಉರ್ದುವಿಗೆ ತರಬೇಕಾಯಿತು, ಬೇರೆ ಯಾರೂ ಇರಲಿಲ್ಲ. ದೇಸಾಯರ ಮಾತು, ವಕೀಲರ ಮಾತು, ನನ್ನದು, ಎಲ್ಲ ಸರಿಯಾಗಿ ಹೇಳಿದೆ. ಸದರ್ ಸಾಹೇಬರು ಒಂದು ಸ್ಟೂಲು ತರಿಸಿ ನನ್ನನ್ನು ಕೂಡಿಸಿದರು. ಆಮೇಲೆ ಅವರೇ ಕೇಳುತ್ತ ಹೋದರು. ಎಷ್ಟು ಚಮಚದಿಂದ ಶುರು, ಎಷ್ಟು ದಿನಕ್ಕೆ ಇಳಿಸುವುದು, ಸೀಸೆ ಯಾರ ಕೈಯಲ್ಲಿ. ಮದೀನಾಬೀಯ ಹೆಸರು ಹೇಳಿದೆ. ಅವರು ಅದನ್ನೆಲ್ಲ ತಮ್ಮ ಕೈಯಿಂದಲೇ ಬರೆದುಕೊಂಡರು.

ಕೊನೆಗೆ ಪೆನ್ನು ಕೆಳಗಿಟ್ಟು, "ಮುನ್ಷಿಜೀ, ಇನ್ನು ಮುಂದೆ ನಿಮಗೆ ತರ್ಜುಮೆಯ ಕೆಲಸ ಕೊಡುವ ಹಾಗಿಲ್ಲ," ಎಂದರು. ಹೌದು ಹುಜೂರ್ ಎಂದೆ. "ಇಂದಿನದು ಮಾತ್ರ ಒಳ್ಳೆಯ ತರ್ಜುಮೆ," ಎಂದು ಸೇರಿಸಿದರು.

ಹೊರಗೆ ಬಂದಾಗ ನನಗೆ ನಗು ಬಂತು. ಯಾಕೆಂದು ಈಗಲೂ ಗೊತ್ತಿಲ್ಲ. ಚಹಾದವನು ನನ್ನನ್ನು ನೋಡಿ ತಾನೂ ನಕ್ಕ. ಸೊಂಟ ನೋಯುತ್ತಿದೆ. ಎಲ್ಲಿ ಎಂದು ಬೆರಳಿಟ್ಟು ತೋರಿಸಬಲ್ಲೆ, ಎಡಗಡೆ, ಎಲುಬಿನ ಕೆಳಗೆ, ರೂಪಾಯಿಯಷ್ಟು ಜಾಗ. ಅಷ್ಟೇ.

ಇಸ್ಫಂದಾರ್ ೧೧, ಬುಧವಾರ

ಹುಕುಂ ಬಂತು. ಪೇಟೆಯಲ್ಲಿ ಕಾಯಿ ಮಾರುವುದು ಬಂದ್. ಹೊಸಬರಿಗೆ ಪೋಸ್ತ ಕೊಡುವಂತಿಲ್ಲ. ಈಗಾಗಲೇ ಕುಡಿಯುತ್ತಿರುವವರು ಹೆಸರು ಬರೆಸಿದರೆ ನಾಲ್ಕು ತಿಂಗಳು ದವಾಖಾನೆಯಲ್ಲಿ ಚಮಚದ ಲೆಕ್ಕದಲ್ಲಿ ಕೊಟ್ಟು ಇಳಿಸುತ್ತಾರೆ. ಕುದಿಸುವ ಕೆಲಸ ಮದೀನಾಬೀಗೆ. ಭಾಗಣ್ಣನಂಥ ಹಳೆಯ ನೋವಿನವರಿಗೆ ಡಾಕ್ಟರ ಚೀಟಿಯ ಮೇಲೆ ಅವಧಿ ಹೆಚ್ಚಿಸಬಹುದು. ವಕೀಲರಿಗೂ ಪೂರ್ತಿ ಸಮಾಧಾನವಿಲ್ಲ, ದೇಸಾಯರಿಗೂ ಇಲ್ಲ.

ನನ್ನನ್ನು ನಕಲು ಮಾಡುವ ಮೇಜಿಗೆ ಹಾಕಿದ್ದಾರೆ. ಒಂದು ಕಾಗದ ನೋಡಿ ಇನ್ನೊಂದು ಕಾಗದ ಬರೆಯುವುದು. ಹುಕುಮಿನ ಏಳು ಪ್ರತಿ ನಾನೇ ತೆಗೆದೆ.

ಮಲ್ಲಿಕಮ್ಮ ಇಂದು ಯಾದಗಿರಿಗೆ ಹೊರಟಳು. ಪೆಟ್ಟಿಗೆ ಕಟ್ಟುವಾಗ, "ಅಪ್ಪಾ, ಸ್ವಲ್ಪ ಹಿಡೀರಿ ಈಕಿನ್ನ," ಎಂದು ಕೂಸನ್ನು ನನ್ನ ಕೈಗಿಟ್ಟು ಒಳಗೆ ಹೋದಳು. ಏನೂ ವಿಶೇಷವಲ್ಲ ಎಂಬಂತೆ. ಕೂಸು ನನ್ನ ಧೋತರ ಒದ್ದೆ ಮಾಡಿತು. ಆಕೆ ಬರುವವರೆಗೂ ಅಲುಗಾಡದೆ ನಿಂತಿದ್ದೆ.

ಇಸ್ಫಂದಾರ್ ೧೯, ಗುರುವಾರ

ಇಂದು ಒಂದೇ ಚಮಚ. ಮರಿಲಿಂಗಮ್ಮ ಬಾಯಿತುಂಬ ಮಾತಾಡುತ್ತಾಳೆ. ಮೊದಲು ಹೀಗೆ ಮಾತಾಡುತ್ತಿರಲಿಲ್ಲ.

ಫರವರ್ದಿ ೨೦, ರವಿವಾರ

ರಜೆ ಹಾಕಿ ಹೊಳೆದಂಡೆಗೆ ಹೋಗಿದ್ದೆ. ಬಹಳ ದಿನದ ಕೆಲಸ ಉಳಿದಿತ್ತು.

ಭಾಗಣ್ಣನೇ ಹರಗೋಲಿನಲ್ಲಿ ದಾಟಿಸಿದ. ದವಾಖಾನೆಗೆ ಹೋಗುತ್ತಿದ್ದಾನೆ, ಅರ್ಧ ಬಟ್ಟಲಿಗೆ ಇಳಿದಿದ್ದಾನೆ. "ಅದಕ್ಕೂ ಕಡಿಮಿ ಆಗಂಗಿಲ್ಲರಿ, ಈ ಕೈ ಕೇಳಂಗಿಲ್ಲ," ಎಂದ. ಎಡಗೈಯಿಂದ ಹುಟ್ಟು ಹಾಕುವುದು ಕಲಿಯುತ್ತಿದ್ದಾನಂತೆ. ಹರಗೋಲು ನಡುನೀರಿನಲ್ಲಿ ಎರಡು ಸುತ್ತು ಸುಮ್ಮನೆ ತಿರುಗಿತು. ಅವನು ನಾಚಿಕೊಂಡ.

ಸಾಯಬಮ್ಮ ಗುಡಿಸಲ ಮುಂದೆ ಮೀನು ಹಸನ ಮಾಡುತ್ತಿದ್ದಳು. ಎದುರು ಕುಕ್ಕರಗಾಲಲ್ಲಿ ಕುಳಿತೆ. ಸುರಪುರದಲ್ಲಿ ಅವಳ ಮಾತನ್ನು ನಾನು ಮುಟ್ಟಿಸಲಿಲ್ಲ ಎಂದು ಹೇಳಿದೆ. ಯಾಕೆ ಎಂಬುದನ್ನೂ ಹೇಳಿದೆ. ಆಕೆ ಕೈ ನಿಲ್ಲಿಸದೆ ಕೇಳಿದಳು.

"ಮುಂದ ಹೇಳಿದೀ ಹೌದಲ್ಲ?"

"ಹೇಳಿದೆವ್ವಾ."

"ಎಲ್ಲಾನೂ?"

"ಎಲ್ಲಾನೂ."

"ಮತ್ತ ಯಾಕ ಅಳ್ತೀ? ಏಳು, ಕೈಕಾಲು ತೊಳಕೋ. ಉಂಡು ಹೋಗೀಯಂತ." ಮೀನಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋಗುತ್ತ ತಿರುಗಿ ನಿಂತಳು. ಮುಖದಲ್ಲಿ ಏನೋ ಬಚ್ಚಿಟ್ಟುಕೊಂಡಂತಿತ್ತು. "ಒಂದು ಸುದ್ದಿ ಹೇಳ್ತೀನಿ ಕೇಳು. ನಿನ್ನಿ ಸಂಜಿಮುಂದ ಮೌನಪ್ಪ ನನಗ ಬೈದ."

"ಯಾಕ?"

"ಸಾರಿಗಿ ಉಪ್ಪಿಲ್ಲಂತ. ಗಂಗಾಳ ಸರಿಸಿ, ಏನು ಅಡಗಿ ಮಾಡೀಯವ್ವಾ ಇದು, ಬಾಯಾಗ ಇಡಾಕ ಆಗವಲ್ದು ಅಂದ. ವರ್ಷ ಆತು ತಮ್ಮಾ, ಏನು ಹಾಕಿದ್ರೂ ತಿಂತಿದ್ದ, ಹಾಕಲಿಲ್ಲಂದ್ರ ಕೇಳ್ತಿರಲಿಲ್ಲ. ಮಣ್ಣು ಹಾಕಿದ್ರೂ ತಿಂತಿದ್ದ. ದವಾಖಾನ್ಯಾಗ ಹೆಸರು ಬರಸಿ ತಿಂಗಳಾತು, ನಿನ್ನಿ ಬೈದ." ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ನಾ ಇವತ್ತೂ ಬೇಕಂತ್ಲೇ ಉಪ್ಪು ಕಡಿಮಿ ಹಾಕ್ತೀನಿ ನೋಡು."

ಮೌನಪ್ಪ ಹೊಳೆಯಿಂದ ಬಂದ. ತೆಳ್ಳಗಿನ ಹುಡುಗ, ಮೊಣಕಾಲವರೆಗೆ ಕೆಸರು. ನನ್ನ ಪಕ್ಕದಲ್ಲೇ ಊಟಕ್ಕೆ ಕುಳಿತ. ಸಾಯಬಮ್ಮ ಬಡಿಸಿ, ಒಲೆಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತಳು. ಅವನು ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟ. ಒಂದು ಕ್ಷಣ ಅಗಿದ.

"ಯವ್ವಾ," ಎಂದ ಸಿಟ್ಟಿನಿಂದ, "ಇವತ್ತೂ ಉಪ್ಪಿಲ್ಲ."

ಅವಳು ತಿರುಗಲಿಲ್ಲ. ಬೆನ್ನು ಅಲುಗುತ್ತಿತ್ತು. ಸಾರು ನಿಜವಾಗಿಯೂ ಸಪ್ಪೆಯಾಗಿತ್ತು. ನಾನು ಎರಡು ರೊಟ್ಟಿ ತಿಂದು ಮೂರನೆಯದನ್ನು ಕೇಳಿ ಹಾಕಿಸಿಕೊಂಡೆ.